ಬೋಟಿನ ರೇಡಾರ್: ಪೆಟ್ಟಿಗೆಯ ಮೇಲೆ 24 ಮೈಲು, ಜೀವ ಉಳಿಸುವುದು ಹತ್ತಿರದ ಕೆಲವೇ ಮೈಲು

ಮಂಜೇಶ್ವರ ಬಂದರಿನಿಂದ ಹೋಗುವ ನಮ್ಮ ಬೋಟಿಗೆ ರೇಡಾರ್ ಹಾಕಿಸಿ ವರ್ಷಗಳೇ ಆದವು. 4 ಕಿಲೋವ್ಯಾಟಿನದು, ಚುಕ್ಕಾಣಿ ಕೋಣೆಯ (ವೀಲ್‌ಹೌಸ್) ಮೇಲೆ ಕೂರುವ ಬಿಳಿ ಡೋಮು, ಅಲೆ ಕಳಿಸಿ ಹಿಡಿಯುವ ಆಂಟೆನಾ ಅದರೊಳಗೆ. ತೆಗೆದುಕೊಳ್ಳಬೇಕು ಎನ್ನುವ ತಂಡೇಲರು (ಬೋಟು ನಡೆಸುವವರು) ಮೊದಲು ಕೇಳುವುದು ಒಂದೇ: ಎಷ್ಟು ದೂರ ಕಾಣ್ತದೆ?

ಪೆಟ್ಟಿಗೆಯ ಮೇಲೆ 24 ನಾಟಿಕಲ್ ಮೈಲು (ಸಮುದ್ರದ ಮೈಲು, ಒಂದಕ್ಕೆ ಸುಮಾರು 1.85 ಕಿ.ಮೀ.) ಎಂದಿದೆ. ಅದನ್ನು ನೋಡಿ ದುಡ್ಡು ಕೊಡಬೇಡಿ. ರೇಡಿಯೋ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಭೂಮಿ ಬಾಗಿದೆ ಅಲ್ವಾ? ನಮ್ಮ ಡೋಮು ನೀರಿನಿಂದ ಸುಮಾರು 4 ಮೀಟರ್ ಮೇಲಿದೆ. ಆ ಎತ್ತರಕ್ಕೆ ನೀರಿನ ಮಟ್ಟದಲ್ಲಿರುವ ವಸ್ತು ನಾಲ್ಕೂವರೆ ಮೈಲಿನಾಚೆ ಸಿಗುವುದಿಲ್ಲ. 25 ಮೀಟರ್ ಎತ್ತರದ ಹಡಗು 15 ಮೈಲಿನಿಂದ ತಲೆ ತೋರಿಸಬಹುದು. ತೆಂಕು ಕಡೆ ಹೋದರೆ ಕಣ್ಣೂರು ಕಡೆಯ 286 ಮೀಟರಿನ ಏಳಿಮಲ ಗುಡ್ಡ ಇನ್ನೂ ದೂರದಿಂದ ಬರುತ್ತದೆ. ಡೋಮನ್ನು ಆದಷ್ಟು ಮೇಲೆ ಕೂರಿಸಿ.

ಒಳಗಿನ ಕೆಲಸ ಸರಳ. ಸಣ್ಣ ಸಣ್ಣ ತುಣುಕಾಗಿ ಅಲೆ ಹೊರಡುತ್ತದೆ, ಎದುರಿಗೆ ಸಿಕ್ಕಿದ್ದಕ್ಕೆ ಬಡಿದು ವಾಪಸ್ ಬರುತ್ತದೆ. ಒಂದು ಮೈಲು ದೂರದ ಹಡಗಿಗೆ ಹೋಗಿ ಬರಲು ಸುಮಾರು 12 ಮೈಕ್ರೋಸೆಕೆಂಡು. ಆ ಸಮಯದಿಂದಲೇ ದೂರ ಗೊತ್ತಾಗುತ್ತದೆ. ಆದರೆ ದೂರ ಎರಡರಷ್ಟಾದರೆ ಮರಳುವ ಶಕ್ತಿ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಬ್ಬಿಣದ ಹಡಗು ಅದನ್ನು ತಡೆದುಕೊಳ್ಳುತ್ತದೆ, ಫೈಬರ್ ದೋಣಿ ಮಾಯವಾಗುತ್ತದೆ.

ನನಗೆ ಇದು ಜಾಸ್ತಿ ಉಪಯೋಗಕ್ಕೆ ಬಂದದ್ದು ಟ್ರಾಲಿಂಗ್ ನಿಷೇಧ ಮುಗಿದ ಮೇಲಿನ ಆಗಸ್ಟ್ ರಾತ್ರಿಗಳಲ್ಲಿ. ಮಳೆ ಹೊಡೆದರೆ ಎದುರಿನ ದೀಪವೂ ಕಾಣುವುದಿಲ್ಲ. ಮಂಗಳೂರು ಬಂದರಿಗೆ ಬರುವ ಹಡಗು ಸ್ಕ್ರೀನಿನಲ್ಲಿ ಬಿದ್ದ ಕೂಡಲೇ ಅದರ ಮೇಲೆ ದಿಕ್ಕು ತೋರಿಸುವ ಗೆರೆ ಇಡುತ್ತೇನೆ. ಹಡಗಿನ ಚುಕ್ಕಿಯು ಆ ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಹೋಗುತ್ತದೆ ಬಿಡಿ. ಗೆರೆ ಹಿಡಿದೇ ಹತ್ತಿರವಾದರೆ ಅದು ನಮ್ಮ ಮೇಲೇ ಬರುತ್ತಿದೆ. ಕಣ್ಣಳತೆ ಬೇಡ, ಆಗಲೇ ಚುಕ್ಕಾಣಿ ತಿರುಗಿಸಿ.

ಸ್ಕ್ರೀನಿನಿಂದ ಮಳೆಯ ಗುರುತು ಅಳಿಸುವ ನಾಬ್ ಬಗ್ಗೆ ಒಂದು ಮಾತು. ನಮ್ಮ ಸೆಟ್ಟಿನ ಅಲೆಯ ಉದ್ದ ಬರೀ 3 ಸೆಂಟಿಮೀಟರ್, ಮಳೆಹನಿಗೂ ಬಡಿದು ಬರುತ್ತದೆ. ಸ್ಕ್ರೀನ್ ತುಂಬ ಮೋಡದ ಹಾಗೆ ಕವಿದುಕೊಳ್ಳುತ್ತದೆ. ಅದನ್ನು ಅಳಿಸಲು ಸುಮ್ನೆ ನಾಬ್ ಪೂರ್ತಿ ತಿರುಗಿಸಿದರೆ ಸಣ್ಣ ದೋಣಿಯೂ ಅಳಿದುಹೋಗುತ್ತದೆ. ಸ್ವಲ್ಪ ಕಸ ಉಳಿಯಲಿ. ಸಮುದ್ರದ ತೆರೆಯ ಗುರುತು ಅಳಿಸುವ ನಾಬ್‌ಗೂ ಇದೇ ಮಾತು.

ನೀರಿನಲ್ಲಿ ಮುಕ್ಕಾಲು ಮುಳುಗಿದ ವಸ್ತುವನ್ನಂತೂ ಇದು ಹಿಡಿಯುವುದು ಕಷ್ಟ. 2025ರ ಜೂನ್‌ನಲ್ಲಿ ಕಣ್ಣೂರಿನ ಹೊರಸಮುದ್ರದಲ್ಲಿ ವಾನ್ ಹಾಯ್ 503 ಹಡಗಿಗೆ ಬೆಂಕಿ ಬಿದ್ದು ಕಂಟೇನರುಗಳು ನೀರಿಗೆ ಬಿದ್ದವಲ್ಲ, ಅಂಥದ್ದು ತೆರೆಯ ಮರೆಯಲ್ಲೇ ಇರುತ್ತದೆ. ಮುಂದೆ ಒಬ್ಬ ಕಣ್ಣಿಟ್ಟು ನಿಲ್ಲಲೇಬೇಕು.

ಎಐಎಸ್ (ಹಡಗು ತಾನೇ ತನ್ನ ಹೆಸರು, ಜಾಗವನ್ನು ರೇಡಿಯೋದಲ್ಲಿ ಸಾರುವ ಯಂತ್ರ) ಇದೆ, ರೇಡಾರ್ ಯಾಕೆ ಎನ್ನುವವರಿಗೆ: ಎಐಎಸ್‌ನಲ್ಲಿ ಕಾಣಬೇಕಾದರೆ ಎದುರಿನವನ ಯಂತ್ರ ಚಾಲೂ ಇರಬೇಕು. ರೇಡಾರಿಗೆ ಅವನ ಒಪ್ಪಿಗೆ ಬೇಡ.

ರೇಡಾರ್ ಇಲ್ಲದ ಫೈಬರ್ ದೋಣಿಯವರಲ್ಲಿ ಒಂದು ಕೇಳಿಕೆ. ಮೂರು ಅಲ್ಯೂಮಿನಿಯಂ ತಗಡುಗಳನ್ನು ಒಂದಕ್ಕೊಂದು ಲಂಬವಾಗಿ ಕೂಡಿಸಿದ ರಿಫ್ಲೆಕ್ಟರ್ ಸಿಗುತ್ತದೆ. ಅಲೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ. ಕಂಬದ ತುದಿಗೆ ಕಟ್ಟಿಕೊಳ್ಳಿ, ನೀವು ಅಲ್ಲಿದ್ದೀರಿ ಅಂತ ನಮಗೆ ಗೊತ್ತಾಗಲಿ.