ಕಾಲೇಜು ಹಾಕಿ ತಂಡದ ಹೊಸ ಕೋಚ್: ಮೊದಲ ವರ್ಷದ ಲೆಕ್ಕ

ಗೋಲು ಕಡಿಮೆ, ಡ್ರಿಬ್ಲಿಂಗ್ ಕಡಿಮೆ, ಪಾಸ್ ಜಾಸ್ತಿ. ದಕ್ಷಿಣ ಕೊಡಗಿನ ಈ ಕಾಲೇಜು ತಂಡದ ಹೊಸ ಕೋಚ್ ಬಗ್ಗೆ ಮೈದಾನದ ದಿಣ್ಣೆ ಮೇಲೆ ಕೂತವರ ದೂರು ಇಷ್ಟೇ. ಕಾಲೇಜಿನ ಹೆಸರು ಬರೆಯುತ್ತಿಲ್ಲ. ಈ ಭಾಗದಲ್ಲಿ ಹಾಕಿ ನೋಡುವವರಿಗೆ ಹೇಳಬೇಕಾಗಿಯೂ ಇಲ್ಲ. ದೂರಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ, ಹೋದ ವರ್ಷ ತಂಡ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಮರೆತು ಆಡುವ ಮಾತು. ಡಿಫೆನ್ಸ್ ಕೆಲಸಕ್ಕೆ ಒಳ್ಳೆಯ ಅಂಕ, ಪೆನಾಲ್ಟಿ ಕಾರ್ನರ್‌ಗೆ (ಎದುರಾಳಿಯ ತಪ್ಪಿಗೆ ಗೋಲಿನ ಹತ್ತಿರ ಸಿಗುವ ಅವಕಾಶ) ಪಾಸ್ ಮಾರ್ಕೂ ಇಲ್ಲ, ಮಣ್ಣಿನ ಮೈದಾನದಲ್ಲಿ ಆಡಿಸುವ ರೀತಿಗೆ ಅದಕ್ಕಿಂತಲೂ ಕಡಿಮೆ.

ಕೊಡಗಿನಲ್ಲಿ ಕೋಚ್ ಆಗಿ ಬಂದವರಿಗೆ ಕೈಚಳಕ ಕಲಿಸುವ ಕಷ್ಟವಿಲ್ಲ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಗೋಲಿನ ಮುಂದೆ ನಿಂತ ಎ.ಬಿ. ಸುಬ್ಬಯ್ಯ, ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ನ ವಿ.ಆರ್. ರಘುನಾಥ್, ಸೋಮವಾರಪೇಟೆಯ ಎಸ್.ವಿ. ಸುನಿಲ್ ಇವರನ್ನೆಲ್ಲ ಕೊಟ್ಟ ಜಿಲ್ಲೆ ಇದು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಗೆ ಮೊದಲ ವರ್ಷ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಹೆಂಗಸರು, ಮಕ್ಕಳು, ಅಜ್ಜಂದಿರು ಎಲ್ಲ ಒಂದೇ ತಂಡದಲ್ಲಿ ಇಳಿಯುವ ಆಟ ಅದು. ಹಾಗಾಗಿ ಕಾಲೇಜಿಗೆ ಬರುವ ಹುಡುಗನಿಗೆ ಚೆಂಡು ಸ್ಟಿಕ್‌ಗೆ ಅಂಟಿಸಿಕೊಂಡು ಓಡುವುದು ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಎರಡು: ಜೋರಾಗಿ ಬಂದ ಪಾಸನ್ನು ಒಂದೇ ಸಲಕ್ಕೆ ನಿಲ್ಲಿಸುವುದು, ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುವುದು. ಹೊಸ ಕೋಚ್ ಹಿಡಿದದ್ದು ಈ ಎರಡನ್ನೇ. ಅದಕ್ಕೇ ಆಟ ನೋಡಲು ಚಪ್ಪೆ ಎನಿಸುತ್ತಿರುವುದು, ಅದಕ್ಕೇ ನಾವು ಅವರ ಪರ.

ಮೊದಲ ಕೆಲವು ವಾರ ಬರೀ ಟ್ರ್ಯಾಪಿಂಗ್, ಅಂದರೆ ಬಂದ ಚೆಂಡನ್ನು ಸ್ಟಿಕ್ಕಿನಲ್ಲಿ ನಿಲ್ಲಿಸುವುದು. ಇಬ್ಬರು ಹುಡುಗರು 10 ಮೀಟರ್ ದೂರ ನಿಂತು ಪುಶ್ ಮಾಡುವುದು, ನಿಲ್ಲಿಸುವುದು. ಆಮೇಲೆ 15, ಆಮೇಲೆ 20 ಮೀಟರ್, ತಳ್ಳುವ ಪುಶ್ ಬದಲು ಬೀಸಿ ಹೊಡೆಯುವ ಹಿಟ್. ನೋಡಿದರೆ ಶಾಲೆ ಮಕ್ಕಳ ಪಾಠ. ಆದರೆ ತಪ್ಪು ಎಲ್ಲಾಗುತ್ತಿತ್ತು ಎಂಬುದನ್ನು ಗಮನಿಸಿ. ಮಣ್ಣಿನಲ್ಲಿ ಬೆಳೆದ ಹುಡುಗರು ಚೆಂಡು ಎಲ್ಲಿ ಪುಟಿಯುತ್ತದೋ ಎಂಬ ಭಯಕ್ಕೆ ಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ಚಾಚುತ್ತಾರೆ. ಕೃತಕ ಹುಲ್ಲಿನ ಟರ್ಫ್‌ನಲ್ಲಿ ಚೆಂಡು ಬರುವ ವೇಗಕ್ಕೆ ಅದು ಗೋಡೆಗೆ ಬಡಿದ ಹಾಗೆ ಎರಡು ಮೀಟರ್ ಆಚೆ ಸಿಡಿಯುತ್ತದೆ, ಎದುರಾಳಿಗೆ ಅಷ್ಟು ಸಾಕು. ಬಲಗೈ ಸಡಿಲ ಬಿಟ್ಟು, ಸ್ಟಿಕ್ಕಿನ ಹಿಡಿ ತಲೆಗಿಂತ ಸ್ವಲ್ಪ ಮುಂದೆ ಬಾಗಿರುವಂತೆ ಇಟ್ಟು, ಚೆಂಡು ತಾಗುವ ಹೊತ್ತಿಗೆ ಕೈಯನ್ನು ಒಂದಿಷ್ಟು ಹಿಂದಕ್ಕೆ ತಂದರೆ ಚೆಂಡು ಕಾಲಬುಡದಲ್ಲೇ ಸಾಯುತ್ತದೆ. ರಿವರ್ಸ್ ಕಡೆಯ, ಅಂದರೆ ಸ್ಟಿಕ್ ತಿರುಗಿಸಿ ಎಡಗಡೆ ಮಾಡುವ, ಟ್ರ್ಯಾಪ್ ಇನ್ನೂ ಅರ್ಧ ತಂಡಕ್ಕೆ ಬಂದಿಲ್ಲ. ಎಡಬದಿಯ ಹಾಫ್‌ಗೆ (ನಡುವಿನ ಸಾಲಿನ ಆಟಗಾರ) ಎಡಗಡೆಯಿಂದ ಬಿರುಸಾಗಿ ಚೆಂಡು ಬಂದರೆ ಈಗಲೂ ಹೊರಗೆ ಹೋಗುತ್ತದೆ. ಎದುರಾಳಿ ಕೋಚ್‌ಗಳೂ ಅದನ್ನು ಕಂಡುಕೊಂಡಾಗಿದೆ, ಆ ಹುಡುಗನ ಮೇಲೆಯೇ ಇಬ್ಬರನ್ನು ಬಿಡುತ್ತಿದ್ದಾರೆ.

ತಂಡ ನಿಲ್ಲುವ ಕ್ರಮ ಬದಲಾದದ್ದು ಹಿರಿಯರಿಗೆ ಹೆಚ್ಚು ನೋವು ಕೊಟ್ಟಿದೆ. ರೈಟ್ ಔಟ್, ರೈಟ್ ಇನ್, ಸೆಂಟರ್ ಫಾರ್ವರ್ಡ್, ಲೆಫ್ಟ್ ಇನ್, ಲೆಫ್ಟ್ ಔಟ್ ಎಂದು ಐದು ಜನ ಮುಂದೆ ನಿಲ್ಲುತ್ತಿದ್ದ ಕಾಲದವರು ಈಗ ಮೂರೇ ಫಾರ್ವರ್ಡ್ ನೋಡಿ ‘ಬಾಕಿ ಇಬ್ಬರು ಕಾಫಿ ಕೊಯ್ಯಲು ಹೋದರಾ?’ ಎನ್ನುತ್ತಾರೆ. ತಮಾಷೆ ಚೆನ್ನಾಗಿದೆ, ಲೆಕ್ಕ ತಪ್ಪು. ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು ಎಂಬ ಕ್ರಮದಲ್ಲಿ ಚೆಂಡು ನಮ್ಮದಾದ ಕೂಡಲೇ ರೈಟ್ ಬ್ಯಾಕ್ ಮೇಲೆ ಹೋಗುತ್ತಾನೆ, ಸೆಂಟರ್ ಹಾಫ್ ಅವನ ಜಾಗಕ್ಕೆ ಇಳಿಯುತ್ತಾನೆ. ಹೋದ ವರ್ಷ ಗೋಲು ಬೀಳುತ್ತಿದ್ದುದೆಲ್ಲ ಒಂದೇ ರೀತಿ: ಮುಂದಿನ ಐವರಲ್ಲಿ ಒಬ್ಬ ಚೆಂಡು ಕಳೆದುಕೊಳ್ಳುತ್ತಾನೆ, ಐವರೂ ನಿಂತು ನೋಡುತ್ತಾರೆ, ಇಬ್ಬರು ಬ್ಯಾಕ್‌ಗಳ ಮೇಲೆ ಮೂವರು ಬಂದು ಬೀಳುತ್ತಾರೆ. ಈಗ ಚೆಂಡು ಹೋದ ಕ್ಷಣ ಹತ್ತಿರದವನು ಅಡ್ಡ ಬರಬೇಕು, ಉಳಿದವರು ನಡುಗೆರೆಗೆ ಇಳಿಯಬೇಕು ಎಂಬ ನಿಯಮ. ಎದುರಾಳಿಯನ್ನು ಸೈಡ್‌ಲೈನ್ ಕಡೆಗೆ ತಳ್ಳಿ ಅಲ್ಲಿ ಇಬ್ಬರು ಸೇರಿ ಕಸಿಯುತ್ತಾರೆ. ಜಾಬ್ ಮಾಡಿ ಸೋಲುವ ಚಾಳಿಯೂ ಕಡಿಮೆಯಾಗಿದೆ. ಮೊದಲು ಡಿಫೆಂಡರ್‌ಗಳು ದೂರದಿಂದಲೇ ಸ್ಟಿಕ್ ಚುಚ್ಚಿ, ತಪ್ಪಿಸಿಕೊಂಡವನ ಕಾಲಿಗೆ ಬಡಿದು ಕಾರ್ಡ್ ತಿನ್ನುತ್ತಿದ್ದರು. ಗ್ರೀನ್ ಕಾರ್ಡ್‌ಗೆ 2 ನಿಮಿಷ, ಯೆಲ್ಲೋಗೆ ಕನಿಷ್ಠ 5 ನಿಮಿಷ ಹತ್ತೇ ಜನರಲ್ಲಿ ಆಡಬೇಕು. 15 ನಿಮಿಷದ ಕ್ವಾರ್ಟರ್‌ನಲ್ಲಿ ಐದು ನಿಮಿಷ ಎಂದರೆ ಮೂರನೇ ಒಂದು ಭಾಗ ಹೋಯಿತು.

ಸಬ್‌ಸ್ಟಿಟ್ಯೂಷನ್ ಬಗ್ಗೆ ಕೂಡ ಗೊಣಗಾಟ ಕೇಳುತ್ತದೆ. ಒಳ್ಳೆಯ ಫಾರ್ವರ್ಡನ್ನು ಐದು ನಿಮಿಷಕ್ಕೇ ಯಾಕೆ ಹೊರಗೆ ಕರೆಯುತ್ತಾರೆ ಎಂದು. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದಾದ ಆಟದಲ್ಲಿ ಫಾರ್ವರ್ಡ್‌ಗಳು ನಾಲ್ಕೈದು ನಿಮಿಷ ಪೂರ್ತಿ ಓಡಿ ಬಂದು ಕೂರುವುದೇ ಸರಿ. ಬೆಂಚಿನಲ್ಲಿ ಇಳಿಸುವಂಥವರು ಇರಬೇಕು ಎಂಬುದು ಬೇರೆ ಮಾತು. ಈಗಿರುವ ಬೆಂಚ್ ಇನ್ನೂ ಮೊದಲ ವರ್ಷದ ಮಕ್ಕಳದ್ದು, ಇಳಿದ ಕೂಡಲೇ ಆಟ ಜೋಲು ಬೀಳುತ್ತದೆ.

ಇನ್ನು ಪೆನಾಲ್ಟಿ ಕಾರ್ನರ್. ಇಲ್ಲಿ ಕೋಚ್ ತಪ್ಪು ಮಾಡಿದ್ದಾರೆ, ಅದೂ ತಿಳಿದವರು ಮಾಡಬಾರದ ತಪ್ಪು. ತಂಡದಲ್ಲಿ ನಿಜವಾದ ಡ್ರ್ಯಾಗ್ ಫ್ಲಿಕರ್ ಇಲ್ಲದಿದ್ದರೂ ಪ್ರತಿ ಕಾರ್ನರ್‌ಗೂ ಫ್ಲಿಕ್ಕೇ ಬೇಕು ಎಂದು ಹಟ. ಆಸೆ ಅರ್ಥವಾಗುತ್ತದೆ. ಹಿಟ್ ಮಾಡಿದರೆ ಮೊದಲ ಹೊಡೆತ ಗೋಲ್‌ಲೈನ್ ದಾಟುವಾಗ 460 ಮಿಲಿಮೀಟರ್‌ಗಿಂತ, ಅಂದರೆ ಗೋಲಿನ ಕೆಳಗಿನ ಹಲಗೆಯ ಎತ್ತರಕ್ಕಿಂತ, ಮೇಲೆ ಇರಬಾರದು; ಫ್ಲಿಕ್‌ಗೆ ಆ ಮಿತಿ ಇಲ್ಲ, 2.14 ಮೀಟರ್ ಎತ್ತರದ ಗೋಲಿನ ಮೇಲಿನ ಮೂಲೆಯೂ ಸಿಗುತ್ತದೆ. ಆದರೆ ಫ್ಲಿಕ್ ಆಗಬೇಕಾದರೆ ಮೂರು ಜನರ ಕೆಲಸ ಕೂಡಿಬರಬೇಕು. ಗೋಲ್‌ಪೋಸ್ಟ್‌ನಿಂದ 10 ಮೀಟರ್ ದೂರದ ಗುರುತಿನಿಂದ ಪುಶ್ ಮಾಡುವವನು ಚೆಂಡನ್ನು ನೆಲ ಬಿಡದಂತೆ, ಪ್ರತಿ ಸಲವೂ ಒಂದೇ ಜಾಗಕ್ಕೆ ಕಳಿಸಬೇಕು. ನಿಲ್ಲಿಸುವವನು ಗೋಲಿನ ಮುಂದಿನ ಸರ್ಕಲ್‌ನ ಗೆರೆಯ ಹೊರಗೆ ಅದನ್ನು ಸತ್ತಂತೆ ನಿಲ್ಲಿಸಬೇಕು. ಫ್ಲಿಕ್ ಮಾಡುವವನು ಕೊನೆಯ ಹೆಜ್ಜೆ ಉದ್ದ ಹಾಕಿ, ಎಡಗಾಲು ಮುಂದೆ ಊರಿ, ಬಲಗಾಲಿನ ಹಿಂದಿನಿಂದಲೇ ಚೆಂಡನ್ನು ಸ್ಟಿಕ್ಕಿನ ಬಾಗಿನಲ್ಲಿ ಎಳೆದುಕೊಂಡು ಬರಬೇಕು. ನಮ್ಮ ಹುಡುಗ ಚೆಂಡನ್ನು ಎಳೆಯುವುದು ಎಡಗಾಲಿನ ಪಕ್ಕದಿಂದ. ಎಳೆತದ ಉದ್ದವೇ ಇಲ್ಲದ ಮೇಲೆ ವೇಗ ಎಲ್ಲಿಂದ ಬರಬೇಕು? ಕೀಪರ್ ನಿಧಾನವಾಗಿ ನೋಡಿ ಪ್ಯಾಡ್‌ನಲ್ಲಿ ತಡೆಯುತ್ತಾನೆ. ವೇಗ ಸಾಲದೆಂದು ಫ್ಲಿಕ್ ಮಾಡುವ ಹುಡುಗ ಸೊಂಟವನ್ನು ಜಾಸ್ತಿ ತಿರುಗಿಸುತ್ತಾನೆ. ದಿನಾ ನೂರು ಫ್ಲಿಕ್ ಹೊಡೆಸಿದರೆ ಆ ವಯಸ್ಸಿನ ಹುಡುಗನ ಬೆನ್ನು ಹೋಗುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ ಮೂವತ್ತು, ಮಧ್ಯೆ ವಿರಾಮ. ಅದಕ್ಕಿಂತ ಹೆಚ್ಚು ಬೇಡ.

ಅಲ್ಲಿಯವರೆಗೆ ಗೋಲು ಬರಬೇಕಲ್ಲ? ತಂಡದಲ್ಲಿ ಗಟ್ಟಿ ಹಿಟ್ ಇರುವ ಇಬ್ಬರು ಬ್ಯಾಕ್‌ಗಳಿದ್ದಾರೆ. ಹಲಗೆಗೆ ಬಡಿಯುವ ನೇರ ಹಿಟ್ ಒಂದು, ಹಿಟ್ ಮಾಡುವಂತೆ ತೋರಿಸಿ ಎಡಕ್ಕೆ ಜಾರಿಸುವುದು ಇನ್ನೊಂದು, ಪುಶ್ ಮಾಡಿದವನು ಒಳಗೆ ಓಡಿ ಬಂದು ಪೋಸ್ಟ್ ಹತ್ತಿರ ಸ್ಟಿಕ್ ತಾಗಿಸಿ ಚೆಂಡಿನ ದಿಕ್ಕು ಬದಲಿಸುವುದು ಮತ್ತೊಂದು. ಮೂರನ್ನೂ ಎರಡು ವಾರದಲ್ಲಿ ಕಲಿಸಬಹುದು. ಮಣ್ಣಿನ ಮೈದಾನದಲ್ಲಂತೂ ಫ್ಲಿಕ್ ಕನಸೇ ಸರಿ: ಪುಶ್ ಆದ ಚೆಂಡು ಎರಡು ಕಡೆ ಪುಟಿದು ತಡವಾಗಿ ಬರುತ್ತದೆ, ನಿಲ್ಲಿಸುವವನಿಗೆ ತಪ್ಪುತ್ತದೆ, ಎಳೆಯುವಾಗ ಸ್ಟಿಕ್ ನೆಲಕ್ಕೆ ಕಚ್ಚುತ್ತದೆ, ಅಷ್ಟರಲ್ಲಿ ಓಡಿ ಬಂದ ಡಿಫೆಂಡರ್ ಮೈಮೇಲೆ.

ಅದೇ ಕಾರ್ನರ್ ಎದುರಿಸುವಾಗ ಮಾತ್ರ ಈ ತಂಡ ಬೇರೆಯೇ. ಕೀಪರ್ ಸೇರಿ ಐವರೇ ಬ್ಯಾಕ್‌ಲೈನ್ ಹಿಂದೆ ನಿಲ್ಲಬಹುದು, ಉಳಿದವರು ನಡುಗೆರೆಯ ಆಚೆ. ಆ ಐವರಿಗೂ ಒಂದೊಂದು ದಾರಿ ಕಟ್ಟಿಕೊಟ್ಟಿದ್ದಾರೆ. ಮೊದಲ ಓಟಗಾರ ನೇರ ಚೆಂಡಿನ ಮೇಲೆ ಹೋಗುವುದಿಲ್ಲ. ಫ್ಲಿಕರ್‌ನ ಸ್ಟಿಕ್ ಇರುವ ಕಡೆಯ ದಾರಿ ಮುಚ್ಚಿ, ಕೀಪರ್‌ಗೆ ಇನ್ನೊಂದು ಬದಿ ಕಾಣುವಂತೆ ಓಡುತ್ತಾನೆ. ಪಕ್ಕಕ್ಕೆ ಜಾರಿಸಿದ ಚೆಂಡಿನ ಕಡೆಗೆ ಎರಡನೆಯವನು ಓಡುತ್ತಾನೆ. ಒಬ್ಬ ಪೋಸ್ಟ್ ಬಿಡುವುದೇ ಇಲ್ಲ. ಮಾಸ್ಕ್, ಗ್ಲೌಸ್, ಮೊಣಕಾಲು ಪ್ಯಾಡ್ ಹಾಕದೆ ಯಾರನ್ನೂ ಓಡಿಸುವುದಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕು. ಚೆಂಡು ಕಸಿದು ಓಡುವ ಭರದಲ್ಲಿ 23 ಮೀಟರ್ ಗೆರೆ ದಾಟುವ ಮುನ್ನ ಮಾಸ್ಕ್ ತೆಗೆಯಲು ಹುಡುಗರು ಮರೆಯುತ್ತಾರೆ, ಅದೊಂದು ತಿದ್ದಬೇಕು.

ಕೀಪರ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಕೀಪರ್ ಕಿಟ್ ಉಳಿಸಿಕೊಳ್ಳುವುದೇ ಕೊಡಗಿನಲ್ಲಿ ಅರ್ಧ ಕೋಚಿಂಗ್. ಲೆಗ್ ಗಾರ್ಡ್, ಬೂಟಿನ ಮೇಲೆ ಹಾಕುವ ಕಿಕ್ಕರ್‌ಗಳ ಒಳಗಿನ ಫೋಮ್ ನೀರು ಕುಡಿದರೆ ಭಾರವಾಗುತ್ತದೆ, ಬೂಷ್ಟು ಹಿಡಿಯುತ್ತದೆ, ವಾಸನೆಗೆ ಹುಡುಗರು ಹತ್ತಿರ ಹೋಗುವುದಿಲ್ಲ. ಹಾಗೆಂದು ಒಲೆ ಪಕ್ಕ ಇಟ್ಟರೆ ಫೋಮ್ ಸೊಟ್ಟಗಾಗಿ ಚೆಂಡು ನೇರ ಸಿಡಿಯುವುದನ್ನೇ ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಲ್ಟ್‌ಗಳನ್ನು ಬಿಚ್ಚಿ, ಗಾಳಿಯಾಡುವ ಕೋಣೆಯಲ್ಲಿ ಫ್ಯಾನ್ ಕೆಳಗೆ ನಿಲ್ಲಿಸಬೇಕು. ಹೊಸ ಕೋಚ್ ಬಂದ ಮೇಲೆ ಕಿಟ್ ಕೋಣೆಗೆ ಬೀಗದ ಜೊತೆ ಒಂದು ಫ್ಯಾನೂ ಬಂದಿದೆ. ಸಣ್ಣ ವಿಷಯ, ಆದರೆ ಕಿಟ್ ಬೆಲೆ ಗೊತ್ತಿದ್ದವರಿಗೆ ಸಣ್ಣದಲ್ಲ.

ಜೂನ್‌ನಿಂದ ಮಳೆ ಕೂತರೆ ಮಣ್ಣಿನ ಮೈದಾನ ಗದ್ದೆಯಾಗುತ್ತದೆ. ಆ ತಿಂಗಳುಗಳಲ್ಲಿ ಸಭಾಂಗಣದೊಳಗೆ 20 ಮೀಟರ್ ಶಟಲ್ ಓಟ, ಕುಂಟುವ ವ್ಯಾಯಾಮ, ಗೋಡೆಗೆ ಪುಶ್ ಮಾಡಿ ನಿಲ್ಲಿಸುವುದು ನಡೆಯಿತು. ವಾರಕ್ಕೊಮ್ಮೆ ಟರ್ಫ್. ಇದರಿಂದ ಕಾಲಿಗೆ ಬಲ ಬಂದದ್ದು ನಾಲ್ಕನೇ ಕ್ವಾರ್ಟರ್‌ನಲ್ಲಿ ಕಾಣುತ್ತದೆ; ಮೊದಲು ಅಲ್ಲಿಯೇ ತಂಡ ಕುಸಿಯುತ್ತಿತ್ತು. ಕೊರತೆ ಬಂದದ್ದು ಮಳೆ ಬಿಟ್ಟ ಮೇಲೆ. ಟರ್ಫ್‌ನ ಅಭ್ಯಾಸದಲ್ಲೇ ಮಣ್ಣಿಗೆ ಇಳಿದರು. ಅಡ್ಡಡ್ಡ ಸಣ್ಣ ಪಾಸ್ ಮಣ್ಣಿನಲ್ಲಿ ನಿಂತುಹೋಗುತ್ತದೆ, ನಡುವೆ ಕಸಿಯುತ್ತಾರೆ. ಅಲ್ಲಿ ಬೇಕಾದದ್ದು ಗಾಳಿಯಲ್ಲಿ ಎತ್ತಿ ಕಳಿಸುವ ಸ್ಕೂಪ್, ಮೈದಾನದ ಎರಡೂ ಅಂಚಿನ ಉದ್ದಕ್ಕೂ ಹಿಟ್, ಮತ್ತು ಹೌದು, ಡ್ರಿಬ್ಲಿಂಗ್. ದಿಣ್ಣೆ ಮೇಲಿನವರ ದೂರು ನಿಜವಾಗುವುದು ಈ ಜಾಗದಲ್ಲಿ. ಬೂಟು ಕೂಡ: ಟರ್ಫ್‌ನ ಸಣ್ಣ ಗುಳ್ಳೆಯ ಸೋಲ್ ಹಸಿ ಮಣ್ಣಿನಲ್ಲಿ ಎಣ್ಣೆ ಹಚ್ಚಿದಂತೆ ಜಾರುತ್ತದೆ, ಮಣ್ಣಿಗೆ ಸ್ಟಡ್ ಬೇಕು. ಹೊಸದಾಗಿ ಸೇರುವವರಿಗೆ ಕಾರ್ಬನ್ ಜಾಸ್ತಿ ಇರುವ ದುಬಾರಿ ಸ್ಟಿಕ್ ಈಗಲೇ ಬೇಡ. ಕಲ್ಲುಮಣ್ಣಿನಲ್ಲಿ ತಲೆಯ ಅಂಚು ಸೀಳುತ್ತದೆ, ಟ್ರ್ಯಾಪ್ ಕಲಿಯುವವನ ಕೈಗೆ ಅದು ಗಡಸು. ಮಧ್ಯಮ ದರ್ಜೆಯ ಕಾಂಪೋಸಿಟ್ ಒಂದು, ಮಣ್ಣಿಗೆ ಹಳೆಯ ಮರದ್ದೊಂದು ಸಾಕು.

ಬೇಸಿಗೆಯ ಕೌಟುಂಬಿಕ ಹಾಕಿಗೆ ಹುಡುಗರನ್ನು ಬಿಡುವ ವಿಚಾರದಲ್ಲಿ ಜಗಳ ದೊಡ್ಡದು. ಪರೀಕ್ಷೆ, ತಂಡದ ಕ್ಯಾಂಪ್, ಒಕ್ಕದ (ಕೊಡವ ಕುಟುಂಬದ) ಮ್ಯಾಚ್ ಮೂರೂ ಒಂದೇ ಹೊತ್ತಿಗೆ ಬರುತ್ತವೆ. ಕೋಚ್ ಕ್ಯಾಂಪ್ ತಪ್ಪಿಸಿದವರನ್ನು ಮುಂದಿನ ಪಟ್ಟಿಯಿಂದ ಕೈಬಿಡುವುದಾಗಿ ಹೇಳಿ ಎಲ್ಲರ ಕೋಪಕ್ಕೆ ಗುರಿಯಾದರು, ಕೊನೆಗೆ ಒಕ್ಕದ ಮ್ಯಾಚ್ ಇರುವ ದಿನ ರಜೆ ಎಂದು ಸಡಿಲಿಸಿದರು. ಮೊದಲೇ ಹಾಗೆ ಹೇಳಬಹುದಿತ್ತು. ಅಜ್ಜನ ಜೊತೆ ಆಡಲು ಬಿಡದ ಕೋಚ್‌ಗೆ ಈ ಜಿಲ್ಲೆಯಲ್ಲಿ ಯಾವ ಐನ್‌ಮನೆಯೂ (ಒಕ್ಕದ ಮೂಲಮನೆ) ಹುಡುಗನನ್ನು ಕಳಿಸುವುದಿಲ್ಲ. ಕೋಚ್ ಅವರ ಆತಂಕವೂ ಸುಳ್ಳಲ್ಲ: ಕ್ಯಾಂಪಿನಲ್ಲಿ ತಿದ್ದಿದ ಹಿಡಿತ, ನಿಲುವು ಆ ಉತ್ಸಾಹದಲ್ಲಿ ಒಂದೇ ಮ್ಯಾಚಿಗೆ ಮಾಯ.

ಡಿಗ್ರಿ ಮೂರು ವರ್ಷದ್ದು, ಹಾಗಾಗಿ ತಂಡ ಕಟ್ಟುವುದೂ ಮೂರು ವರ್ಷದ ಕೆಲಸ. ಈ ಸಲ ಸೇರಿದವರು ಕೊನೆಯ ವರ್ಷಕ್ಕೆ ಬರುವವರೆಗೆ ಕೋಚ್ ಬದಲಾಯಿಸಿ ಎನ್ನುವುದರಲ್ಲಿ ಅರ್ಥವಿಲ್ಲ. ಮಗನನ್ನು ಹಾಕಿಗಾಗಿಯೇ ಇಲ್ಲಿ ಸೇರಿಸಬೇಕೇ ಎಂದು ಕೇಳುವವರಿಗೆ: ಬ್ಯಾಕ್ ಅಥವಾ ಹಾಫ್ ಆಗಿದ್ದರೆ ಸೇರಿಸಿ, ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಡಿಫೆನ್ಸ್ ಪಾಠ ಸಿಗುವುದು ಕಷ್ಟ. ಫಾರ್ವರ್ಡ್ ಆಗಿದ್ದರೆ ಒಂದು ಸೀಸನ್ ನೋಡಿ. ಕೀಪರ್ ಆಗಿದ್ದರೆ ಯೋಚನೆಯೇ ಬೇಡ, ನಾಳೆಯೇ ಕರೆದುಕೊಂಡು ಹೋಗಿ. ಈಗಿರುವವನು ಕೊನೆಯ ವರ್ಷದಲ್ಲಿದ್ದಾನೆ, ಎರಡನೇ ಕೀಪರ್ ಎಂದು ಪಟ್ಟಿಯಲ್ಲಿ ಹೆಸರಿರುವ ಹುಡುಗ ಅಸಲಿಗೆ ಲೆಫ್ಟ್ ಬ್ಯಾಕ್.