ಇಂಕ್‌ಸ್ಕೇಪ್ ಮತ್ತು ಅನೇಕ್ ಕನ್ನಡ ಫಾಂಟ್: ಊರಿನ ಆಮಂತ್ರಣ ಪತ್ರಿಕೆ ಊರವರೇ ಮಾಡ್ಲಿಕ್ಕೆ ಆಗ್ತದೆ

ಉಡುಪಿ ಮಂಗಳೂರು ಕಡೆ ಬ್ರಹ್ಮಕಲಶೋತ್ಸವ, ಬಯಲಾಟ, ಯುವಕ ಮಂಡಲದ ವಾರ್ಷಿಕೋತ್ಸವ ಎಲ್ಲ ಒಟ್ಟಿಗೇ ಬರುವ ಟೈಮಲ್ಲಿ ಡಿಟಿಪಿ ಅಂಗಡಿಯಲ್ಲಿ ಎಷ್ಟು ರಶ್ ಇರ್ತದೆ ಗೊತ್ತುಂಟಲ್ಲ, ಅಂಗಡಿಯವರ ಪಕ್ಕ ಕುರ್ಚಿ ಹಾಕಿ ಕೂತು "ಆ ಹೆಸರು ಸ್ವಲ್ಪ ಮೇಲೆ ತನ್ನಿ" ಅಂತ ಹೇಳ್ತಾ ಇರ್ಬೇಕು. ನಮ್ಮ ಮಂಡಲದ ಈ ಸಲದ ಆಮಂತ್ರಣ ಪತ್ರಿಕೆ, ಬ್ಯಾನರ್ ಎರಡೂ ನಾವೇ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರಲ್ಲಿ ಮಾಡಿದ್ದು, ಹಾಗಾಗಿ ಧೈರ್ಯವಾಗಿ ರಿವ್ಯೂ ಬರೀತಿದ್ದೇನೆ.

ಇಂಕ್‌ಸ್ಕೇಪ್ ಪೂರ್ತಿ ಫ್ರೀ, 2003ರಿಂದ ಉಂಟು, ವಿಂಡೋಸ್ ಲಿನಕ್ಸ್ ಮ್ಯಾಕ್ ಎಲ್ಲದರಲ್ಲೂ ನಡೀತದೆ. ಇದು ವೆಕ್ಟರ್, ಅಂದ್ರೆ ಚಿತ್ರವನ್ನು ಚುಕ್ಕಿಗಳ ಬದಲು ಗೆರೆಗಳ ಲೆಕ್ಕದಲ್ಲಿ ಇಡುವಂಥದ್ದು, ಆದ ಕಾರಣ ಅಂಗೈಯಷ್ಟು ಲೋಗೋವನ್ನು ಇಪ್ಪತ್ತು ಅಡಿ ಬ್ಯಾನರಿಗೆ ಹಾಕಿದ್ರೂ ಅಂಚು ಒಡೆಯುದಿಲ್ಲ. ಕನ್ನಡ ಯುನಿಕೋಡಲ್ಲಿ (ಫೋನ್, ಕಂಪ್ಯೂಟರ್ ಎಲ್ಲ ಕಡೆ ಒಂದೇ ಥರ ಓದುವ ಅಕ್ಷರ ಪದ್ಧತಿ) ನೇರ ಟೈಪ್ ಮಾಡಬಹುದು, 'ಬ್ರಹ್ಮಕಲಶೋತ್ಸವ' ಅಂತ ಹೊಡೆದ್ರೆ ಬ್ರ, ಹ್ಮ, ತ್ಸ ಮೂರೂ ಒತ್ತು ಸರಿ ಜಾಗದಲ್ಲಿ ಕೂರ್ತವೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಆಸ್ಕಿ ಫಾಂಟಲ್ಲಿ ಮಾಡಿದ್ದನ್ನು ವಾಟ್ಸಾಪಿಗೆ ಕಾಪಿ ಮಾಡಿದ್ರೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಬರ್ತದಲ್ಲ, ಆ ಕಿರಿಕಿರಿ ಇಲ್ಲಿಲ್ಲ.

ಆದ್ರೆ ನಿಜವಾಗಿ ಕೆಲಸ ಚಂದ ಮಾಡಿಕೊಟ್ಟದ್ದು ಫಾಂಟ್. ಮುಂಬೈಯ ಏಕ್ ಟೈಪ್ ಅನ್ನುವ ಫಾಂಟ್ ತಯಾರಕರ ಅನೇಕ್ ಕನ್ನಡ, ಗೂಗಲ್ ಫಾಂಟ್ಸಲ್ಲಿ ಫ್ರೀ, ಸಪೂರದಿಂದ ದಪ್ಪದವರೆಗೆ ಅಲ್ಲದೆ ಅಗಲದಲ್ಲೂ ಬೇರೆ ಬೇರೆ ಸಿಗ್ತದೆ. ನಮ್ಮ ಪತ್ರಿಕೆಗಳಲ್ಲಿ ಗೌರವ ಉಪಸ್ಥಿತಿ ಪಟ್ಟಿ ಎಷ್ಟು ಉದ್ದ ಇರ್ತದೆ, ಇನಿಶಿಯಲ್, ಹೆಸರು, ಮನೆ ಹೆಸರು, ಅದರ ಕೆಳಗೆ ಅಧ್ಯಕ್ಷರು ಮಾಜಿ ಅಧ್ಯಕ್ಷರು ಅಂತ, ಅದನ್ನೆಲ್ಲ ಸಾಮಾನ್ಯ ಫಾಂಟಲ್ಲಿ ಎಳೆದು ಒತ್ತಿ ಹಿಡಿಸಿದ್ರೆ ಅಕ್ಷರ ವಿಕಾರ ಆಗ್ತದೆ. ಇದರ ಕಂಡೆನ್ಸ್ಡ್, ಅಂದ್ರೆ ಅಗಲ ಕಮ್ಮಿ ಇರುವ ರೂಪ, ಹಾಕಿದ್ರೆ ಸೊಟ್ಟ ಆಗದೆ ಹಿಡೀತದೆ. ಒಂದೇ ವಿಷಯ, ಲೈನ್ ಸ್ಪೇಸಿಂಗ್ ಜಾಸ್ತಿ ಕೊಡಿ, ಇಲ್ಲದಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತದೆ.

ನನಗೆ ತುಂಬ ಖುಷಿ ಕೊಟ್ಟದ್ದು ಇಂಕ್‌ಸ್ಕೇಪಿನ ಟ್ರೇಸ್ ಬಿಟ್‌ಮ್ಯಾಪ್, ಅಂದ್ರೆ ಫೋಟೋವನ್ನು ವೆಕ್ಟರ್ ಗೆರೆಗಳಾಗಿ ಮಾಡುವ ಸೌಲಭ್ಯ. ನಮ್ಮ ಶಾಲೆ ಮಕ್ಕಳು ಬ್ರಶ್ಶಲ್ಲಿ ಬರೆದ 'ಸ್ವಾಗತ'ವನ್ನು ಮೊಬೈಲಲ್ಲಿ ಫೋಟೋ ತೆಗೆದು ಟ್ರೇಸ್ ಮಾಡಿದೆವು, ಬ್ರಶ್ಶಿನ ಒಣಗಿದ ಗೀರು ಸಮೇತ ಬಂತು, ಈಗ ಅದೇ ದ್ವಾರದ ಬ್ಯಾನರ್. 1843ರಲ್ಲಿ ಜರ್ಮನಿಯ ಪಾದ್ರಿ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದದ್ದು ಕಲ್ಲಚ್ಚಲ್ಲಿ, ಅಂದ್ರೆ ಅಚ್ಚುಮೊಳೆ ಇಲ್ಲದೆ ಕೈಬರಹವೇ ಪ್ರಿಂಟ್ ಆದದ್ದು. ಈಗ ಆ ಕೆಲಸ ಮಕ್ಕಳ ಕೈಯಲ್ಲೇ ಉಂಟು ಅಂತ ನೋಡುವಾಗ ನಿಜವಾಗ್ಲೂ ಹೆಮ್ಮೆ ಆಗ್ತದೆ.

ತೊಂದರೆಯೂ ಉಂಟು. ನಾನು ಬಳಸುವ 1.3 ವರ್ಶನಲ್ಲಿ ಸಿಎಂವೈಕೆ (ಪ್ರಿಂಟಿಂಗಿನ ನಾಲ್ಕು ಶಾಯಿಯ ಬಣ್ಣ ಪದ್ಧತಿ) ಪಿಡಿಎಫ್ ನೇರ ಬರುದಿಲ್ಲ, ಸ್ಕ್ರೀನಲ್ಲಿ ಝಗಮಗ ಕಾಣುವ ಹಸಿರು ಪ್ರಿಂಟಲ್ಲಿ ಮಂಕಾಗ್ತದೆ, ಬಣ್ಣ ಕರೆಕ್ಟ್ ಬೇಕಿದ್ರೆ ಸ್ಕ್ರೈಬಸ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್ ಮೂಲಕ ಹೋಗ್ಬೇಕು, ಅದೂ ಫ್ರೀ. ಬ್ಲರ್ ಜಾಸ್ತಿ ಹಾಕಿದ್ರೆ ಹಳೇ ಲ್ಯಾಪ್‌ಟಾಪ್ ನಿಂತೇ ಬಿಡ್ತದೆ. ಶುರುವಿಗೆ ಮೆನು ನೋಡಿ ತಲೆ ತಿರುಗ್ತದೆ, ಒಂದು ವಾರ ಕೂತ್ರೆ ಸಾಕು, ಮತ್ತೆ ಕೈ ತಾನೇ ಹೋಗ್ತದೆ.

ಇನ್ನೊಂದು ಮುಖ್ಯ. ಪ್ರಿಂಟಿಗೆ ಕೊಡುವ ಮೊದಲು ಒರಿಜಿನಲ್ ಬೇರೆ ಸೇವ್ ಮಾಡಿ, ಕಾಪಿಯಲ್ಲಿ ಎಲ್ಲ ಅಕ್ಷರ ಸೆಲೆಕ್ಟ್ ಮಾಡಿ ಪಾತ್ ಮೆನುವಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ, ಆಗ ಅಕ್ಷರ ಎಲ್ಲ ಬರೀ ಗೆರೆಯ ಆಕಾರ ಆಗ್ತದೆ. ಅಂಗಡಿಯವರ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲದಿದ್ರೂ ಒಂದು ಒತ್ತು ಆಚೀಚೆ ಆಗುದಿಲ್ಲ. ಆಮೇಲೆ ಹೆಸರು ತಿದ್ಲಿಕ್ಕೆ ಆಗುದಿಲ್ಲ, ಹಾಗಾಗಿ ಪಟ್ಟಿಯನ್ನು ಅಧ್ಯಕ್ಷರಿಗೆ ತೋರಿಸಿ ಓಕೆ ಮಾಡಿಸಿದ ಮೇಲೆಯೇ ಒತ್ತಿ.