ಮಲೆನಾಡಿನ ಮಳೆಯಲ್ಲಿ ಲಾಕ್ಸ್: ಎರಡು ವರ್ಷ ದಾಟಿದ ಬಳಕೆಯ ನಂತರ

ಲಾಕ್ಸ್ ಎಂದರೆ ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ಹೊಸೆದು ಜಡೆಗಟ್ಟಲು ಬಿಡುವುದು, ಡ್ರೆಡ್‌ಲಾಕ್ಸ್ ಎನ್ನುತ್ತಾರಲ್ಲ, ಅದೇ. ಮೊದಲ ಮಾತು ದುಡ್ಡಿನದು. ಲಾಕ್ಸ್‌ಗೆಂದೇ ಮಾರುವ ಜೆಲ್, ಮೇಣ, ಸ್ಪ್ರೇಗಳಿಗೆ ಸುರಿಯುವ ಹಣದಲ್ಲಿ ಗಟ್ಟಿಮುಟ್ಟಾದ ಒಂದು ಹೇರ್ ಡ್ರೈಯರ್ ಕೊಂಡುಕೊಳ್ಳಿ. ಬಯಲುಸೀಮೆಯವರಿಗೆ ಇದು ಅತಿ ಎನಿಸಬಹುದು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರು ಮರುಮಾತಿಲ್ಲದೆ ಒಪ್ಪುತ್ತಾರೆ. ನಾನು ಲಾಕ್ಸ್ ಮಾಡಿಸಿಕೊಂಡು ಎರಡು ವರ್ಷ ದಾಟಿದೆ. ಹೊಸೆಯುವುದು, ತೊಳೆಯುವುದು, ಕಟ್ಟುವುದು ಎಲ್ಲವೂ ಕೈಗೆ ಹತ್ತಿವೆ. ಒಣಗಿಸುವುದೊಂದು ಮಾತ್ರ ಈಗಲೂ ಪ್ರತಿ ಆಷಾಢದಲ್ಲಿ ತಲೆನೋವು.

ನನ್ನದು ಹುಟ್ಟಿನಿಂದಲೂ ಒತ್ತಾದ ಗುಂಗುರು ಕೂದಲು. ಮೂಡಿಗೆರೆ ಕಡೆಯ ತೋಟದ ಮನೆ, ಚಿಕ್ಕಮಗಳೂರಿನಲ್ಲಿ ಕೆಲಸ. ಯಾವ ಪಾರ್ಲರ್‌ಗೆ ಕಾಲಿಟ್ಟರೂ 'ಸ್ಟ್ರೈಟನಿಂಗ್ ಮಾಡಿಸಿಬಿಡಿ ಮೇಡಂ' ಎಂಬ ಉಪದೇಶ ಕೇಳಿ ಕೇಳಿ ಸಾಕಾಗಿತ್ತು. ಲಾಕ್ಸ್ ಮಾಡುವವರು ನಮ್ಮೂರಿನಲ್ಲಾಗಲಿ ಹಾಸನದಲ್ಲಾಗಲಿ ಸಿಗದೆ ಬೆಂಗಳೂರಿಗೆ ಹೋದೆ. ಅಲ್ಲಿ ದರ ಎಳೆಯ ಲೆಕ್ಕದಲ್ಲಿ. ಕೆಲಸವೇನೋ ಅಚ್ಚುಕಟ್ಟಾಗಿತ್ತು: ನೇರವಾದ ಬೈತಲೆ, ಸಮನಾದ ಚೌಕಗಳು, ಒಂದು ಸಾಲಿನ ಚೌಕ ಹಿಂದಿನ ಸಾಲಿನ ಎರಡು ಚೌಕಗಳ ನಡುವೆ ಬರುವ ಹಾಗೆ ವಿಂಗಡಣೆ. ಇದರಿಂದ ಕೂದಲು ಯಾವ ಕಡೆಗೆ ಬಿದ್ದರೂ ಬುರುಡೆ ಎದ್ದು ಕಾಣುವುದಿಲ್ಲ. ಪ್ರತಿ ಚೌಕದ ಕೂದಲನ್ನೂ ಬಾಚಣಿಗೆಯ ತುದಿಗೆ ಸಿಕ್ಕಿಸಿ, ಬತ್ತಿ ಹೊಸೆದಂತೆ ಒಂದೇ ದಿಕ್ಕಿಗೆ ಸುತ್ತುತ್ತಾ ಬಂದರು. ಇಡೀ ದಿನ ಕುಳಿತು ಸೊಂಟ ಹಿಡಿದುಕೊಂಡಿತೇ ಹೊರತು ಬೇರೆ ತೊಂದರೆಯಾಗಲಿಲ್ಲ.

ಆ ಪಾರ್ಲರಿನ ಮೇಲೆ ಎರಡು ದೂರುಗಳಿವೆ. ಒಂದು, ಎಳೆಗಳನ್ನು ನಾನು ಕೇಳಿದ್ದಕ್ಕಿಂತ ದಪ್ಪ ಮಾಡಿದರು. ದಪ್ಪ ಎಳೆ ಎಂದರೆ ಅವರಿಗೆ ಕೆಲಸ ಬೇಗ ಮುಗಿಯುತ್ತದೆ, ನಮಗೆ ಒಣಗುವುದು ತಡವಾಗುತ್ತದೆ. ಮಳೆ ನಾಡಿನವರು ಪೆನ್ಸಿಲ್‌ಗಿಂತ ದಪ್ಪದ ಎಳೆಗೆ ಒಪ್ಪಲೇಬಾರದು ಎನ್ನುವುದು ನನ್ನ ಖಂಡಿತ ಅಭಿಪ್ರಾಯ. ಎರಡನೆಯದು, ಹೊಸೆದ ಎಳೆ ಬಿಚ್ಚದಿರಲೆಂದು ಜೇನುಮೇಣ ಸೇರಿದ ಒಂದು ಕ್ರೀಮನ್ನು ನನ್ನನ್ನು ಕೇಳದೆಯೇ ಬಳಿದರು. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಅಷ್ಟು ಬಿಸಿಯ ನೀರು ತಲೆಯ ಮೇಲೆ ಬಿದ್ದರೆ ಚರ್ಮವೇ ಸುಟ್ಟುಹೋಗುತ್ತದೆ. ಹಾಗಾಗಿ ಎಷ್ಟು ತೊಳೆದರೂ ಅದು ಎಳೆಯ ಒಳಗೇ ಕುಳಿತು ಧೂಳು, ನೂಲು, ಒಲೆಯ ಮಸಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಮೊದಲ ಕೆಲವು ತಿಂಗಳ ಕೂದಲಿನಲ್ಲಿ ಆ ಬೂದುಬಣ್ಣದ ಅಂಟು ಈಗಲೂ ಇದೆ. ಫೋನ್ ಮಾಡಿ ಕೇಳಿದರೆ 'ಎಲ್ಲರಿಗೂ ಅದನ್ನೇ ಹಾಕುತ್ತೇವೆ' ಎಂದರು. ನೀವು ಎಲ್ಲೇ ಮಾಡಿಸಿದರೂ ಕೂರುವ ಮೊದಲು ಡಬ್ಬಿ ತರಿಸಿ, ಹಿಂದೆ ಬರೆದಿರುವುದನ್ನು ಓದಿ. ಮೇಣ ಅಥವಾ ಪೆಟ್ರೋಲಿಯಂ ಜೆಲ್ಲಿ ಎಂದಿದ್ದರೆ ಬೇಡವೆನ್ನಿ.

ಲಾಕ್ಸ್ ಬಗ್ಗೆ ನಮಗೆ ಸಿಗುವ ತಿಳಿವಳಿಕೆಯೆಲ್ಲ ಬಹುಮಟ್ಟಿಗೆ ಆಫ್ರಿಕಾ ಮೂಲದ ಜನರು ಬೆಳೆಸಿದ್ದು. ಜಮೈಕಾದಲ್ಲಿ 1930ರ ದಶಕದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರಿಗೆ ಅದು ನಂಬಿಕೆಯ ಗುರುತು. ಅಮೆರಿಕದಲ್ಲಿ ಈ ಕೂದಲಿನ ಕಾರಣಕ್ಕೇ ಶಾಲೆ, ಕಚೇರಿಗಳಲ್ಲಿ ಅವಮಾನ ಪಟ್ಟವರಿದ್ದಾರೆ. ಅದನ್ನು ತಡೆಯುವ 'ಕ್ರೌನ್' ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 2019ರಲ್ಲಿ. ನಾವು ಚೆಂದಕ್ಕೆಂದು ಮಾಡಿಸಿಕೊಳ್ಳುವವರು ಇಷ್ಟಾದರೂ ತಿಳಿದಿರಬೇಕು. ಅವರ ವಿಡಿಯೊಗಳನ್ನು ನೋಡಿ ಕಲಿಯುವಾಗ ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಸುತ್ತಿಕೊಂಡ ಕೂದಲಿನಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ, ಕೂದಲು ಒಣಗುತ್ತದೆ. ಅದಕ್ಕೇ ಅವರು ಶಿಯಾ ಬೆಣ್ಣೆ, ಎಣ್ಣೆ ಎಂದು ಮತ್ತೆ ಮತ್ತೆ ಹಚ್ಚುತ್ತಾರೆ. ನಮ್ಮ ಗುಂಗುರು ಅಷ್ಟು ಬಿಗಿಯಲ್ಲ, ಜಿಡ್ಡು ಸುಲಭವಾಗಿ ಇಳಿಯುತ್ತದೆ. ಅವರು ಹಚ್ಚುವಷ್ಟನ್ನು ನಾವೂ ಹಚ್ಚಿದರೆ ತಲೆ ಎಣ್ಣೆಯ ಗಾಣವಾಗುತ್ತದೆ. ಎಳೆ ಗಟ್ಟಿಯಾಗಲು ಹಿಡಿಯುವ ಕಾಲವೂ ಬೇರೆ. ಆರು ತಿಂಗಳಲ್ಲಿ ಮೊಗ್ಗು ಕಟ್ಟುತ್ತದೆ, ಅಂದರೆ ಎಳೆಯ ನಡುವೆ ಗಂಟಾಗಿ ಉಬ್ಬುತ್ತದೆ ಎಂದು ಅವರು ಹೇಳುವ ಹಂತ ನನಗೆ ವರ್ಷ ತುಂಬುವ ಹೊತ್ತಿಗೆ ಬಂತು. ಆಗ ಎಳೆಗಳು ಒಳಗೊಳಗೇ ಸಿಕ್ಕಾಗಿ ಗಿಡ್ಡವಾದವು. ಕೂದಲು ಉದುರಿಹೋಯಿತೇ ಎಂದು ಅಮ್ಮ ಗಾಬರಿಯಾದಳು. ದಿನಕ್ಕೆ ಐವತ್ತರಿಂದ ನೂರು ಕೂದಲು ಎಲ್ಲರಿಗೂ ಉದುರುತ್ತದೆ. ಲಾಕ್ಸ್‌ನಲ್ಲಿ ಅದು ನೆಲಕ್ಕೆ ಬೀಳದೆ ಎಳೆಯಲ್ಲೇ ಸೇರಿಕೊಳ್ಳುತ್ತದೆ, ಅಷ್ಟೇ.

ತೊಳೆಯುವ ವಿಷಯದಲ್ಲಿ ಹಿತ್ತಲಿನಲ್ಲಿರುವುದನ್ನೆಲ್ಲ ಬಳಸಿ ನೋಡಿದ್ದೇನೆ. ಸೀಗೆಪುಡಿ ಖಂಡಿತ ಬೇಡ. ಎಷ್ಟು ನುಣ್ಣಗೆ ಪುಡಿ ಮಾಡಿದರೂ ಕಣಗಳು ಎಳೆಯೊಳಗೆ ಸೇರಿ ಹೊರಗೆ ಬರುವುದಿಲ್ಲ, ನೋಡಿದವರಿಗೆ ಹೊಟ್ಟಿನಂತೆ ಕಾಣುತ್ತದೆ. ದಾಸವಾಳದ ಸೊಪ್ಪಿನ ಲೋಳೆಯಲ್ಲಿ ಮಿಂದು ಬೆಳೆದವಳು ನಾನು, ಆದರೂ ಮೊದಲ ವರ್ಷ ಅದನ್ನು ದೂರವಿಟ್ಟೆ. ಅದು ಕೂದಲನ್ನು ಜಾರುವಂತೆ ಮಾಡುತ್ತದೆ, ಜಾರುವ ಕೂದಲು ಹೊಸೆದಲ್ಲಿ ನಿಲ್ಲುವುದಿಲ್ಲ. ಅಂಗಡಿಯ ಕಂಡಿಷನರ್‌ಗೂ ಇದೇ ಮಾತು. ಚೆನ್ನಾಗಿ ಒಗ್ಗಿದ್ದು ಅಂಟುವಾಳ. ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಬಾರಿ ಸೋಸಿದರೆ ತಿಳಿಯಾದ ನೊರೆನೀರು ಸಿಗುತ್ತದೆ; ಉದ್ದ ಮೂತಿಯ ಬಾಟಲಿಗೆ ತುಂಬಿ ನೆತ್ತಿಗೆ ಮಾತ್ರ ಬಿಟ್ಟು ಬೆರಳ ತುದಿಯಿಂದ ಉಜ್ಜುತ್ತೇನೆ. ಇಳಿದು ಬರುವ ನೊರೆಯೇ ಎಳೆಗಳಿಗೆ ಸಾಕು. ಕಣ್ಣಿಗೆ ಬಿದ್ದರೆ ಮಾತ್ರ ಉರಿಯೋ ಉರಿ. ಪುರುಸೊತ್ತಿಲ್ಲದ ದಿನ ಸಾಧಾರಣ ಶಾಂಪೂವನ್ನು ನೀರಿಗೆ ಬೆರೆಸಿ ಬಳಸಿದರೂ ನಡೆಯುತ್ತದೆ. ಮುತ್ತಿನ ಹೊಳಪಿನ ಗಟ್ಟಿ ಶಾಂಪೂ ಬೇಡ. ಹೊಸದರಲ್ಲಿ ಎರಡು ಮೂರು ವಾರ ತೊಳೆಯದೆ ಬಿಟ್ಟು, ನಂತರವೂ ಕೆಲವು ತಿಂಗಳು ತಲೆಗೆ ನೈಲಾನ್ ಬಲೆ ಬಿಗಿದುಕೊಂಡೇ ತೊಳೆಯಬೇಕು. ಇಲ್ಲವಾದರೆ ಎಳೆ ಬಿಚ್ಚಿಕೊಂಡು ಮೊದಲಿನ ಗುಂಗುರಿಗೆ ಮರಳುತ್ತದೆ. ಅಂದ ಹಾಗೆ, ಅರಸೀಕೆರೆಯಲ್ಲಿರುವ ಅಕ್ಕನ ಮನೆಯ ಬೋರ್‌ವೆಲ್ ನೀರಿನಲ್ಲಿ ಮಿಂದರೆ ಎಳೆಗಳು ಕಡ್ಡಿಯಂತಾಗುತ್ತವೆ. ಗಡಸು ನೀರು ಇರುವವರು ಕೊನೆಯ ಚೊಂಬಿಗೆ ಒಂದು ಚಮಚ ವಿನೆಗರ್ ಬೆರೆಸಿಕೊಂಡರೆ ವಾಸಿ. ಅಡುಗೆ ಸೋಡಾ ಹಾಕಿ ತೊಳೆಯಿರಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಅದು ಕ್ಷಾರ, ಕೂದಲಿನ ಹೊರಪದರವನ್ನು ಒರಟು ಮಾಡುತ್ತದೆ. ನಾನು ಅದರ ಗೋಜಿಗೇ ಹೋಗಿಲ್ಲ.

ಈಗ ಒಣಗಿಸುವ ಕಥೆ. ಲಾಕ್ಸ್‌ನ ಹೊರಮೈ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ನೀರು ಹಾಗೇ ಕುಳಿತಿರುತ್ತದೆ. ಎಳೆ ಹಳತಾಗಿ ಬಿಗಿಯಾದಷ್ಟೂ ಇದು ಹೆಚ್ಚು. ಬೇಸಿಗೆಯಲ್ಲಿ ಅಂಗಳದ ಬಿಸಿಲಿಗೆ ಬೆನ್ನು ಮಾಡಿ ಕುಳಿತರೆ ಮಧ್ಯಾಹ್ನದೊಳಗೆ ಮುಗಿಯಿತು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮೂಡಿಗೆರೆ ಕಡೆ ಒಗೆದ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ, ಇನ್ನು ಕೂದಲಿನ ಮಾತೇನು? ಒದ್ದೆ ಉಳಿದ ಎಳೆ ಮೊದಲು ಮುಗ್ಗಲು ವಾಸನೆ ಹಿಡಿಯುತ್ತದೆ, ಆಮೇಲೆ ಒಳಗೇ ಬೂಷ್ಟು ಬರುತ್ತದೆ. ಅಷ್ಟಾದ ಎಳೆಯನ್ನು ಕತ್ತರಿಸುವುದು ಬಿಟ್ಟು ಬೇರೆ ದಾರಿ ಇರುವುದು ಕಡಿಮೆ. ಬಚ್ಚಲ ಒಲೆಯ ಮುಂದೆ ಕುಳಿತು ಒಣಗಿಸಿಕೋ ಎಂದು ಅಜ್ಜಿ ಹೇಳುತ್ತಾಳೆ. ಒಣಗುವುದೇನೋ ನಿಜ, ಹೊಗೆಯ ವಾಸನೆ ಮುಂದಿನ ಸ್ನಾನದವರೆಗೂ ಕಚೇರಿಗೆ ನನ್ನ ಜೊತೆ ಬರುತ್ತದೆ. ಕೊನೆಗೆ ನಾನು ಕಂಡುಕೊಂಡ ಕ್ರಮ ಹೀಗಿದೆ. ಮಳೆಗಾಲದಲ್ಲಿ ಬೆಳಿಗ್ಗೆಯೇ ತೊಳೆಯಬೇಕು, ರಾತ್ರಿ ಎಂದಿಗೂ ಬೇಡ. ಮೊದಲು ಕರೆಂಟ್ ಇದೆಯೇ ನೋಡಬೇಕು. ಗಾಳಿಮಳೆಗೆ ಕಂಬ ಬಿದ್ದರೆ ದಿನಗಟ್ಟಲೆ ಕತ್ತಲೆ, ಅಂಥ ವಾರ ತಲೆಸ್ನಾನವನ್ನೇ ಮುಂದೂಡಿ ನೆತ್ತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಸುಮ್ಮನಾಗುವುದು ಮೇಲು. ತೊಳೆದ ಮೇಲೆ ಎಳೆಗಳನ್ನು ಹಿಡಿ ಹಿಡಿಯಾಗಿ ಟವೆಲ್ಲಿನಲ್ಲಿ ಒತ್ತಿ ಹಿಂಡಬೇಕು, ತಿರುಚಬಾರದು. ಆಮೇಲೆ ಡ್ರೈಯರನ್ನು ಹದವಾದ ಬಿಸಿಯಲ್ಲಿಟ್ಟು ಬುಡದಿಂದ ಶುರು ಮಾಡಬೇಕು. ಬುಡ ಒಣಗಿದರೆ ಅರ್ಧ ಗೆದ್ದ ಹಾಗೆ. ಎಳೆಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ತಾಗಿದರೆ ಇನ್ನೂ ನೀರಿದೆ ಎಂದರ್ಥ. ಒದ್ದೆಯಲ್ಲಿ ಕಟ್ಟಿಕೊಂಡು ಬಸ್ ಹತ್ತುವ ಅಭ್ಯಾಸವಿದ್ದವರಿಗೆ ಲಾಕ್ಸ್ ಬೇಡ. ನೀರು ಕುಡಿದ ಎಳೆಗಳ ಭಾರಕ್ಕೆ ಕತ್ತೂ ನೋಯುತ್ತದೆ.

ಎಣ್ಣೆಯ ಬಗ್ಗೆ ಮನೆಯಲ್ಲಿ ದೊಡ್ಡ ಜಗಳವೇ ನಡೆದಿದೆ. ನರಕ ಚತುರ್ದಶಿಯ ಅಭ್ಯಂಜನ ತಪ್ಪಿಸುವಂತಿಲ್ಲ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ; ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಬಾಟಲಿಯೊಳಗೆ ಬಿಳಿಯಾಗಿ ಕೂರುವ ಅದೇ ಎಣ್ಣೆ ಎಳೆಯ ತುದಿಯೊಳಗೂ ಹಾಗೇ ಕೂರುತ್ತದೆ, ಮೇಲೆ ಕಾಫಿ ಕಣದ ಧೂಳು ಹಿಡಿಯುತ್ತದೆ. ಹರಳೆಣ್ಣೆಯಂತೂ ಇನ್ನೂ ಅಂಟು. ರಾಜಿಯಾದದ್ದು ಹೀಗೆ: ಎಣ್ಣೆಶಾಸ್ತ್ರಕ್ಕೆ ನೆತ್ತಿಯ ಮೇಲೆ ನಾಲ್ಕು ಹನಿ, ಎಳೆಗೆ ಸೊನ್ನೆ. ಹೊಟ್ಟು ಕಾಣಿಸಿಕೊಂಡಾಗ ಎಣ್ಣೆ ಹೆಚ್ಚಿಸಲು ಎಲ್ಲರೂ ಹೇಳುತ್ತಾರೆ, ಅದು ಉಲ್ಟಾ ಕೆಲಸ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ನನಗೆ ಚರ್ಮವೈದ್ಯರು ಬರೆದುಕೊಟ್ಟ ಕೀಟೋಕೊನಜೋಲ್ ಶಾಂಪೂವನ್ನು ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದಾಗ ಕಡಿಮೆಯಾಯಿತು.

ಬೆಳೆದ ಬುಡವನ್ನು ಮತ್ತೆ ಹೊಸೆಯುವುದು ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಸಾಕು. ಕೂದಲು ತಿಂಗಳಿಗೆ ಬೆಳೆಯುವುದೇ ಅರ್ಧ ಇಂಚಿನಷ್ಟು. ಚೆಂದಕ್ಕೆಂದು ವಾರವಾರ ಬಿಗಿ ಮಾಡಿದರೆ ಹಣೆಯಂಚಿನ ಕೂದಲು ತೆಳುವಾಗಿ ಬೋಳಾಗುತ್ತದೆ, ಆಮೇಲೆ ಅಲ್ಲಿ ಬೆಳೆಯದೆಯೂ ಹೋಗಬಹುದು. ಮೊದಲು ಹಿತ್ತಲಿನ ಲೋಳೆಸರದ ತಿರುಳು ಹಚ್ಚಿ ಹೊಸೆಯುತ್ತಿದ್ದೆ. ಹೆಚ್ಚಾದರೆ ಬಿಳಿ ಹುಡಿ ಉದುರುತ್ತದೆ, ಇಷ್ಟೇ ಅದರ ದೋಷ. ಆದರೆ ಮಳೆಗೆ ನೆನೆದರೆ ಬುಡ ಬಿಚ್ಚುತ್ತದೆ, ಮಲೆನಾಡಿನಲ್ಲಿ ನೆನೆಯದೆ ಇರುವುದು ಹೇಗೆ? ಈಗ ಕೊಕ್ಕೆಸೂಜಿಯಿಂದ ಎಳೆಯ ತುದಿಯನ್ನು ಬುಡದೊಳಗೆ ನಾಲ್ಕು ದಿಕ್ಕಿನಿಂದ ಸರದಿಯಂತೆ ತೂರಿಸಿ ಎಳೆಯುವ ಇಂಟರ್‌ಲಾಕಿಂಗ್ ಮಾಡಿಸುತ್ತೇನೆ. ಜೆಲ್ ಬೇಕಿಲ್ಲ, ನೀರಿಗೆ ಬಿಚ್ಚುವುದಿಲ್ಲ. ಒಂದೇ ದಿಕ್ಕಿನಿಂದ ತೂರಿಸಿದರೆ ಮಾತ್ರ ಬುಡದಲ್ಲಿ ತೂತಾಗುತ್ತದೆ. ಚಿಕ್ಕಮಗಳೂರಿನಲ್ಲಿ ಪಾರ್ಲರ್ ನಡೆಸುವ ಪರಿಚಯದ ಅಕ್ಕ ನನ್ನ ತಲೆಯ ಮೇಲೆಯೇ ಇದನ್ನು ಕಲಿತರು. ಕ್ರೋಶಾದಲ್ಲಿ ಪಳಗಿದ ಕೈ, ಬೆಂಗಳೂರಿನವರಿಗಿಂತ ಸೊಗಸಾಗಿ ಮಾಡುತ್ತಾರೆ. ಕೂಲಿಯೂ ನ್ಯಾಯವಾದದ್ದು.

ಮಲಗುವಾಗ ಸ್ಯಾಟಿನ್ ಟೋಪಿ ಬೇಕು. ಹತ್ತಿಯ ದಿಂಬು, ಕಂಬಳಿ, ಉಣ್ಣೆಯ ಟೋಪಿ ಮೂರೂ ನೂಲು ಬಿಡುತ್ತವೆ; ಒಳಗೆ ಸೇರಿದ ನೂಲನ್ನು ಚಿಮುಟದಿಂದ ಕೀಳುತ್ತಾ ಕುಳಿತರೆ ಒಂದು ಭಾನುವಾರ ಹೋಯಿತು. ಚಳಿಗೆ ಉಣ್ಣೆಯ ಟೋಪಿ ಹಾಕಲೇಬೇಕಾದರೆ ಒಳಗೆ ಸ್ಯಾಟಿನ್ ಇರಲಿ. ಸ್ಕೂಟರ್ ಓಡಿಸುವವರು ಎಳೆಗಳನ್ನು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಬೇಕು. ಎತ್ತಿ ತುರುಬು ಕಟ್ಟಿದರೆ ಹೆಲ್ಮೆಟ್ ತಲೆಗೆ ಇಳಿಯುವುದೇ ಇಲ್ಲ. ದೊಡ್ಡ ಹೆಲ್ಮೆಟ್ ಕೊಂಡು ಸಡಿಲವಾಗಿ ಹಾಕಿಕೊಳ್ಳುವುದು ಅಪಾಯ.

ಅಲಂಕಾರಕ್ಕೆ ಲಾಕ್ಸ್‌ನಷ್ಟು ಸುಲಭದ ಕೂದಲು ಬೇರೆ ಇಲ್ಲ ಎನ್ನುವುದನ್ನು ನಾನು ಮೊದಲು ನಂಬಿರಲಿಲ್ಲ. ಎರಡೇ ಎಳೆಗಳನ್ನು ಉಳಿದವುಗಳ ಸುತ್ತ ಬಿಗಿದರೆ ಪಿನ್ ಇಲ್ಲದೆ ತುರುಬು ನಿಲ್ಲುತ್ತದೆ. ಎರಡೆರಡು ಎಳೆ ಹೆಣೆದು ರಾತ್ರಿ ಬಿಟ್ಟು ಬೆಳಿಗ್ಗೆ ಬಿಚ್ಚಿದರೆ ಅಲೆಅಲೆಯಾಗುತ್ತವೆ. ರೇಷ್ಮೆ ಸೀರೆಯ ಜೊತೆ ಕೆಳತುರುಬು, ಅದರ ಸುತ್ತ ಮಲ್ಲಿಗೆ ದಂಡೆ: ಹಾಸನದ ಮದುವೆಯೊಂದರಲ್ಲಿ ನನ್ನನ್ನು ಬಿಟ್ಟು ನನ್ನ ತುರುಬಿನ ಫೋಟೊ ತೆಗೆದವರಿದ್ದಾರೆ. ಮಲ್ಲಿಗೆಯನ್ನು ಕಪ್ಪು ದಾರದಿಂದ ಕಟ್ಟಿ, ಎಳೆಯೊಳಗೆ ಪಿನ್ ಚುಚ್ಚಬೇಡಿ. ಕನಕಾಂಬರ, ಸೇವಂತಿಗೆ ಬೇಡ. ಎಸಳು ಉದುರಿ ಬಾಡಿ ಎಳೆಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಅರಿಶಿನ ಶಾಸ್ತ್ರದ ದಿನ ತಲೆಗೆ ಬಟ್ಟೆ ಕಟ್ಟಿಕೊಂಡೇ ಕೂರಬೇಕು. ರಬ್ಬರ್ ಬ್ಯಾಂಡ್‌ಗಳ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಬಳಸಿ. ಹೊಸ ಎಳೆಗಳಿಗೆ ಮೊದಲ ಆರು ತಿಂಗಳು ಈ ಯಾವ ಕಸರತ್ತೂ ಬೇಡ.

ಜನರ ವಿಷಯ ಬರೆಯದಿದ್ದರೆ ವಿಮರ್ಶೆ ಅರ್ಧವಾಗುತ್ತದೆ. ಕಡೂರು ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬರು 'ಅಮ್ಮನವರು ಒಲಿದಿದ್ದಾರೆ, ಕತ್ತರಿ ತಾಗಿಸಬೇಡ ತಾಯಿ' ಎಂದು ಕೈ ಮುಗಿದರು. ನಮ್ಮಲ್ಲಿ ಜಡೆಗಟ್ಟಿದ ಕೂದಲೆಂದರೆ ಎಲ್ಲಮ್ಮನ ನೆನಪು ಬರುವವರು ಇನ್ನೂ ಇದ್ದಾರೆ. ದುಡ್ಡು ಕೊಟ್ಟು ಮಾಡಿಸಿದ್ದು ಎಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ತೋಟದ ಕೆಲಸದವರ ಚಿಂತೆ ಬೇರೆ: ಇಂಬಳ ಒಳಗೆ ಸೇರಿದರೆ ಗೊತ್ತಾಗುತ್ತದೆಯೇ? ಇಂಬಳ ಹತ್ತುವುದು ಕಾಲಿನಿಂದ, ತಲೆಯವರೆಗೆ ಬರುವ ತಾಳ್ಮೆ ಅದಕ್ಕಿಲ್ಲ. ಕಚೇರಿಯಲ್ಲಿ ಮೊದಲ ವಾರ ಪಿಸುಮಾತು ನಡೆಯಿತು, ಆಮೇಲೆ ಯಾರಿಗೂ ನೆನಪಿರಲಿಲ್ಲ.

ಬೇಡವೆನಿಸಿದರೆ ತಲೆ ಬೋಳಿಸಬೇಕೇ ಎಂದು ಕೇಳುವವರಿಗೆ: ಬೇಕಿಲ್ಲ. ಕಂಡಿಷನರ್ ಧಾರಾಳವಾಗಿ ಸುರಿದು ತುದಿಯಿಂದ ಬುಡದ ಕಡೆಗೆ ಸೂಜಿಯಲ್ಲಿ ಬಿಡಿಸುತ್ತಾ ಬಂದರೆ ಉದ್ದ ಉಳಿಯುತ್ತದೆ, ಆದರೆ ದಿನಗಟ್ಟಲೆ ಕೆಲಸ. ಮೇಣ ಸೇರಿದ ಭಾಗ ಮಾತ್ರ ಬಿಡಿಸಲು ಬರುವುದಿಲ್ಲ. ನನ್ನ ಎಳೆಗಳಲ್ಲಿ ಅದು ಈಗ ತುದಿಗೆ ಇಳಿದಿದೆ. ಈ ಮಳೆಗಾಲ ಶುರುವಾಗುವ ಮೊದಲು ಅಷ್ಟನ್ನು ಕತ್ತರಿಸಿ ಹಾಕುತ್ತೇನೆ, ಗಿಡ್ಡವಾದರೆ ಒಣಗುವುದೂ ಬೇಗ.